ಕೂರುವಾಗ ಅಪ್ಪಾ, ಏಳುವಾಗ ಅಮ್ಮಾ

ಆ ದಿನದ ಅನಾಹುತಕ್ಕೆಲ್ಲ ಮೂಲ ಒಂದು ಕಾಲುಚೀಲ. ಒಂಟಿಕಾಲಲ್ಲಿ ನಿಂತುಕೊಂಡೇ ಅದನ್ನು ಏರಿಸಿಕೊಳ್ಳುವುದು ಯುವಕಂಠರ ಬಹುಕಾಲದ ಹೆಮ್ಮೆ. ಅವತ್ತು ಬೆಳಗ್ಗೆ ಕೊಕ್ಕರೆಯಂತೆ ನಿಂತರು, ಬುಗುರಿಯಂತೆ ತಿರುಗಿದರು, ಮೂಟೆಯಂತೆ ಮಂಚದ ಮೇಲೆ ಕುಸಿದರು. ಕುಸಿಯುವಾಗ ಅವರ ಅಪ್ಪಣೆಯೇ ಇಲ್ಲದೆ ಬಾಯಿಂದ ಒಂದು ಮಾತು ಹೊರಬಿತ್ತು.

"ಉಸ್ಸಪ್ಪಾ..."

ಕಾಲುಚೀಲ ಏರಿಸಿಕೊಂಡು ಏಳುವಾಗ ಇನ್ನೊಂದು. "ಅಯ್ಯಮ್ಮಾ..."

ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ ಹೆಂಡತಿ ತಿರುಗಿಯೂ ನೋಡಲಿಲ್ಲ. "ಕೂರೋವಾಗ ಅಪ್ಪ, ಏಳೋವಾಗ ಅಮ್ಮ. ಕಟ್ಕೊಂಡೋಳನ್ನ ಯಾವಾಗ ಕರೀತೀರಿ? ಬಿದ್ದಾಗಲಾ?"

"ನಾನೆಲ್ಲಿ ಕರೆದೆ?"

"ಹೌದೌದು, ಮಂಚ ಕರೀತು."

ಯುವಕಂಠ ಎನ್ನುವುದು ಹುಟ್ಟಿದಾಗ ಇಟ್ಟ ಹೆಸರಲ್ಲ, ಹೊಟ್ಟೆಗೋಸ್ಕರ ಬಂದ ಹೆಸರು. ರೇಡಿಯೋದಲ್ಲಿ ಬರುವ ಟಾನಿಕ್ಕಿನ ಜಾಹೀರಾತಿನಲ್ಲಿ ಎರಡು ದನಿಗಳಿವೆ. 'ಕುಡಿಯುವ ಮೊದಲು' ಒಬ್ಬ ಮುದುಕ ನರಳುತ್ತಾನೆ. 'ಕುಡಿದ ಮೇಲೆ' ಅದೇ ಮುದುಕ ಇಪ್ಪತ್ತರ ಹುಡುಗನಂತೆ ಗುಡುಗುತ್ತಾನೆ. ಆ ಗುಡುಗು ಇವರದು. ಹೆಣ್ಣು ನೋಡಲು ಹೋದಾಗ ಮಾವನವರು ಕೆಲಸ ಏನೆಂದು ಕೇಳಿದ್ದಕ್ಕೆ "ಕುಡಿದ ಮೇಲೆ ಮಾತಾಡ್ತೀನಿ" ಎಂದು ನಿಜ ಹೇಳಿ, ಮದುವೆ ಒಂದು ವರ್ಷ ಮುಂದಕ್ಕೆ ಹೋಗಿತ್ತು.

ನರಳುವ ಮುದುಕನ ದನಿ ಮಾತ್ರ ಬೇರೆಯವನದು, ಹೋದ ವರ್ಷವಷ್ಟೇ ಬಂದವನದು. ಸ್ಟುಡಿಯೋದಲ್ಲಿ ಎಲ್ಲರೂ 'ತಾತ' ಎಂದು ಕರೆಯುವ ಆ ಮಿಮಿಕ್ರಿ ಕಲಾವಿದನಿಗೆ ಇನ್ನೂ ಮೀಸೆ ಸರಿಯಾಗಿ ದಟ್ಟವಾಗಿಲ್ಲ.

ಅಷ್ಟರಲ್ಲಿ ಹೊರಕೋಣೆಯಲ್ಲಿ ಭಾವಮೈದುನ ಹಾಕಿದ್ದ ರೇಡಿಯೋದಲ್ಲಿ ಜಾಹೀರಾತು ಬಂತು. "ಉಸ್ಸಪ್ಪಾ..." ಎಂದು ತಾತ ಕುರ್ಚಿಗೆ ಬಿದ್ದ.

"ಆಹಾ, ಏನ್ ಸಹಜ ಭಾವಾ! ಪ್ರಾಣಾನೇ ಕೆಳಗಿಟ್ಟು ಕೂತಂಗಿರುತ್ತೆ. ಆಮೇಲೆ ಬರೋದು ಮಾತ್ರ ಸ್ವಲ್ಪ ನಾಟಕ."

"ಆಮೇಲೆ ಬರೋದು ನಾನು ಕಣಯ್ಯಾ."

"ಅದಕ್ಕೇ ಹೇಳಿದ್ದು."

ಬೇರೆ ದಿನವಾಗಿದ್ದರೆ ಯುವಕಂಠರು ಒಂದು ಜಗಳ ತೆಗೆಯುತ್ತಿದ್ದರು. ಅವತ್ತು ಶಕ್ತಿ ಉಳಿಸಬೇಕಾಗಿತ್ತು. ಟಾನಿಕ್ ಕಂಪನಿಗೆ ಹೊಸ ಮೇಡಂ ಬಂದಿದ್ದಾರೆ, ಜಾಹೀರಾತು ಹೊಸದಾಗಿ ರೆಕಾರ್ಡ್ ಆಗಬೇಕು, ಹಳೆಯ ದನಿಗಳಲ್ಲಿ ಯಾವುದು ಇರಬೇಕು ಯಾವುದು ಹೋಗಬೇಕು ಎಂದು ಅವರೇ ಕೂತು ಕೇಳುತ್ತಾರಂತೆ. ಉಳಿದ ಕಂಪನಿಗಳು ಇವರನ್ನು ಕರೆಯುವುದು ನಿಲ್ಲಿಸಿ ಬಹಳ ಕಾಲವಾಗಿತ್ತು. ಈಗ ಇಡೀ ಸಂಸಾರ ನಿಂತಿರುವುದು ಈ ಒಂದು ಗುಡುಗಿನ ಮೇಲೆ.

"ಹುಷಾರು ಭಾವ," ಎಂದು ಭಾವಮೈದುನ ಬಾಗಿಲವರೆಗೂ ಬಂದು ಹರಸಿದ. "ಯುವಕಂಠ ಹೋಗಿ ಯುವಕುಂಟ ಆಗ್ಬಿಟ್ಟೀರಿ!"

ಮೆಟ್ಟಿಲಿಳಿಯುತ್ತ ಯುವಕಂಠರು ಶಪಥ ಮಾಡಿದರು. ಇವತ್ತು ಅಪ್ಪನನ್ನೂ ಕರೆಯುವುದಿಲ್ಲ, ಅಮ್ಮನನ್ನೂ ಕರೆಯುವುದಿಲ್ಲ. ಅದಕ್ಕೆ ಉಪಾಯ ಒಂದೇ, ಕೂರದೆ ಇರುವುದು. ಕೂರದವನು ಏಳಬೇಕಾಗಿಯೂ ಇಲ್ಲ.

ಬಸ್ಸಿನಲ್ಲಿ ಬಾವಲಿಯಂತೆ ಕಂಬಿಗೆ ನೇತುಬಿದ್ದರು. ಕಾಲೇಜು ಹುಡುಗಿಯೊಬ್ಬಳು ಎದ್ದು "ಕೂತ್ಕೊಳ್ಳಿ ತಾತ" ಎಂದಳು. "ಬೇಡಮ್ಮಾ, ನಾನು ಗಟ್ಟಿ ಇದ್ದೀನಿ" ಎಂದು ಅವಳನ್ನು ಕೂರಿಸಿದರು. ಆಗ ಕಂಡಿತು, ಅವಳ ಕಾಲಿಗೆ ಮಂಡಿಯವರೆಗೆ ಪ್ಲಾಸ್ಟರ್ ಹಾಕಿತ್ತು.

ಸ್ಟುಡಿಯೋ ಇರುವುದು ನಾಲ್ಕನೇ ಮಹಡಿಯಲ್ಲಿ. ಲಿಫ್ಟಿನ ಬಾಗಿಲಿಗೆ 'ಕೆಟ್ಟಿದೆ' ಎಂಬ ಬೋರ್ಡು ನೇತಾಡುತ್ತಿತ್ತು. ಕಿವಿಯೊಳಗಿನ ಕೂದಲೂ ಬೆಳ್ಳಗಾಗಿದ್ದ ವಾಚ್‌ಮನ್ ಸ್ಟೂಲಿನಿಂದ ಎದ್ದು ನಿಂತ.

"ಮೆಲ್ಲಗೆ ಹತ್ತಿ ಯಜಮಾನ್ರೇ. ನಮ್ಮ ತಂದೇನೂ ಹೀಗೇ ಅವಸರ ಮಾಡ್ಕೊಂಡು ಮೆಟ್ಟಿಲು ಹತ್ತಿದ್ರು."

"ಹತ್ತಿ?"

"ಹತ್ತಿದ್ರು ಅಷ್ಟೇ. ಅವರಾಗೇ ಇಳೀಲಿಲ್ಲ."

ಯುವಕಂಠರು ಮೊದಲ ಮಹಡಿಯನ್ನು ತಮ್ಮನಂತೆ, ಎರಡನೆಯದನ್ನು ಅಣ್ಣನಂತೆ, ಮೂರನೆಯದನ್ನು ಯಜಮಾನರಂತೆ ಹತ್ತಿ, ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ದಿವಂಗತರಾಗುವುದರಲ್ಲಿದ್ದರು. ಕಾರಿಡಾರಿನಲ್ಲಿ ಒಂದು ಬೆಂಚಿತ್ತು. ಎಷ್ಟೋ ವರ್ಷ ಕೂತು ಕೂತು ಇವರ ಆಕಾರಕ್ಕೇ ತಗ್ಗಿದ್ದ ಬೆಂಚು. ಅದು ಹಳೆಯ ಗೆಳತಿಯಂತೆ ಕರೆಯಿತು. ಮುಖ ತಿರುಗಿಸಿಕೊಂಡು ಒಳಗೆ ನಡೆದರು.

ಗಾಜಿನ ಆಚೆ ರೆಕಾರ್ಡಿಸ್ಟ್, ಅವನ ಪಕ್ಕದಲ್ಲಿ ಮೇಡಂ, ಮೂಲೆಯಲ್ಲಿ ತಾತ. ಗಾಜಿನ ಈಚೆ ಒಂದು ಮೈಕು, ಒಂದು ಕುರ್ಚಿ, ಯುವಕಂಠರು. ಆಚೆಯವರ ಮಾತೆಲ್ಲ ಗೋಡೆಯ ಸ್ಪೀಕರಿನಲ್ಲಿ ಬರುತ್ತಿತ್ತು.

"ಕೂತ್ಕೊಂಡೇ ಓದಿ ಅಂಕಲ್," ಎಂದ ರೆಕಾರ್ಡಿಸ್ಟ್.

"ಯೌವನ ಯಾವತ್ತಾದ್ರೂ ಕೂತ್ಕೊಂಡು ಮಾತಾಡುತ್ತೇನಪ್ಪಾ?" ಎಂದು ಯುವಕಂಠರು ಎದೆ ಉಬ್ಬಿಸಿದರು. ಮೇಡಂ ಮುಖದಲ್ಲಿ ಸಣ್ಣ ನಗು ಕಂಡಿತು. ಶುಭಾರಂಭ.

ಕೈಯಲ್ಲಿದ್ದ ಹಾಳೆಯ ಅಕ್ಷರಗಳು ಮಾತ್ರ ಸಕ್ಕರೆ ಕಂಡ ಇರುವೆಗಳಂತೆ ಓಡಾಡುತ್ತಿದ್ದವು. ಕನ್ನಡಕ ಜೇಬಿನಲ್ಲಿದೆ. ಹಾಕಿಕೊಂಡರೆ ಮೇಡಂ ನೋಡುತ್ತಾರೆ. ಯುವಕಂಠರು ಕಣ್ಣು ಕಿರಿದು ಮಾಡಿ, ಉಸಿರು ಎಳೆದು, ಸಿಂಹದಂತೆ ಗರ್ಜಿಸಿದರು.

"ಟಾನಿಕ್ ಕುಡಿದೆ... ಒಂದೇ ಉಸಿರಿಗೆ ಸತ್ತೇಬಿಟ್ಟೆ!"

ಸ್ಪೀಕರಿನಲ್ಲಿ ಮೇಡಂ ದನಿ ಬಂತು, ತೆಳ್ಳಗೆ. "ಸರ್, ಅದು 'ಹತ್ತೇಬಿಟ್ಟೆ'. ನಾಲ್ಕು ಮಹಡಿ."

"ಸ್ವಾರಿ ಮೇಡಂ. ನನಗೆ ಈಗಷ್ಟೇ ಎರಡೂ ಒಂದೇ ಆಗಿತ್ತು."

ಎರಡನೇ ಸಲ ವಾಕ್ಯ ಸರಿಯಾಗಿ ಬಂತು. ಆದರೆ ಜೋಶ್ ತರಿಸಲು ಕಾಲು ಸ್ವಲ್ಪ ಮಡಚಿ ಮೇಲೆದ್ದಿದ್ದರು.

"ಅಂಕಲ್, ಜೇಬಲ್ಲಿ ಬೀಗದಕೈ ಏನಾದ್ರೂ ಇದ್ರೆ ಹೊರಗಿಡಿ. ಲಟಕ್ ಅಂತಿದೆ."

ಜೇಬು ಖಾಲಿ ಮಾಡಿದರು. ಕರವಸ್ತ್ರ, ಕನ್ನಡಕ, ನೋವಿನ ಮುಲಾಮು. ಎಲ್ಲವನ್ನೂ ಮೇಡಂ ಗಾಜಿನಾಚೆಯಿಂದ ಒಂದೊಂದಾಗಿ ನೋಡಿದರು. ಯುವಕಂಠರು ಮತ್ತೆ ಓದಿದರು. ಮತ್ತೆ ಲಟಕ್.

"ಅದು ಮಂಡಿ ಕಣಪ್ಪಾ," ಎಂದರು ಯುವಕಂಠರು ಕೊನೆಗೆ.

"ಓ. ಅದನ್ನ ಹೊರಗಿಡಕ್ಕಾಗಲ್ವಾ?"

ಆಮೇಲಿನ ಸಲ ಅವರು ಕಂಬದಂತೆ ನಿಂತು, ಇದ್ದಬದ್ದ ಯೌವನವನ್ನೆಲ್ಲ ಹೊಟ್ಟೆಯ ತಳದಿಂದ ಗೋರಿ ಗೋರಿ ಗಂಟಲಿಗೆ ತಂದರು. "ಟಾನಿಕ್ ಕುಡಿದೆ... ನಾಲ್ಕು ಮಹಡಿ ಒಂದೇ ಉಸಿರಿಗೆ ಹತ್ತೇಬಿಟ್ಟೆ!" ಗಾಜು ಸಣ್ಣಗೆ ಅದುರಿತು. ರೆಕಾರ್ಡಿಸ್ಟ್ ಹೆಬ್ಬೆರಳೆತ್ತಿದ. ಮೇಡಂ ತಲೆದೂಗಿದರು. ಗೆದ್ದೆ ಎಂಬ ನೆಮ್ಮದಿ ತಲೆಯಿಂದ ಕಾಲಿಗಿಳಿಯಿತು. ಕಾಲು ಕುರ್ಚಿಯನ್ನು ಹುಡುಕಿತು.

"ಉಸ್ಸಪ್ಪಾ..."

ಮೈಕಿನ ಮೇಲಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

ಗಾಬರಿಯಿಂದ ಎದ್ದರು. "ಅಯ್ಯಮ್ಮಾ..."

"ಸರ್," ಎಂದರು ಮೇಡಂ, ಆಸ್ಪತ್ರೆಯಲ್ಲಿ ಮಾತಾಡುವವರ ದನಿಯಲ್ಲಿ. "ಅದನ್ನ ಕತ್ತರಿಸಬಹುದು, ಕಷ್ಟ ಇಲ್ಲ. ಆದ್ರೆ ಒಂದ್ಸಲ ಕೇಳಿಸ್ಕೊಂಡ ಮೇಲೆ ಮೊದಲು ಹೇಳಿದ ಮಾತಲ್ಲೂ ಅದೇ ಕೇಳಿಸ್ತಿದೆ. ಕುಡಿದ ಮೇಲೂ ನೀವು ಕುಡಿಯೋ ಮೊದಲಿನ ಥರಾನೇ ಇದ್ದೀರಿ."

ತಾತನನ್ನು ಕರೆದು, ಅವನ ಸ್ವಂತ ದನಿಯಲ್ಲಿ ಅದೇ ವಾಕ್ಯ ಹೇಳಿಸಿದರು. ಅವನು ಚೂಯಿಂಗ್ ಗಮ್ಮನ್ನು ಒಂದು ಕೆನ್ನೆಗೆ ತಳ್ಳಿ, ಒಂದೇ ಸಲಕ್ಕೆ, ನೀರು ಕುಡಿದಷ್ಟು ಸಲೀಸಾಗಿ ಹೇಳಿದ. ಮುಗಿಯಿತು. 'ಕುಡಿದ ಮೇಲೆ' ಕೈಬಿಟ್ಟು ಹೋಯಿತು.

ಮುಳುಗುವವರಿಗೆ ಹುಲ್ಲುಕಡ್ಡಿ. ಯುವಕಂಠರಿಗೆ ಒಂದು ಯೋಚನೆ ಹೊಳೆಯಿತು. ಇವನು 'ಮೇಲೆ' ಹೋದರೆ 'ಮೊದಲು' ಖಾಲಿಯಾಯಿತಲ್ಲ! ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮಾನವನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಮೇಡಂ... ಆ ಮುದುಕನ ಪಾತ್ರಾನಾದ್ರೂ ನಂಗೆ ಕೊಡಿ."

ಮೇಡಂ ಯೋಚಿಸಿದರು. "ಸರಿ, ಒಂದ್ಸಲ ಮಾಡಿ ತೋರ್ಸಿ."

ನಟಿಸುವ ಅಗತ್ಯವೇ ಬೀಳಲಿಲ್ಲ. ಕಾಲುಚೀಲ, ಬಸ್ಸು, ನಾಲ್ಕು ಮಹಡಿ, ಹೋದ ಕೆಲಸ, ಮನೆಯಲ್ಲಿ ಹೇಳಬೇಕಾದ ಮಾತು, ಎಲ್ಲವನ್ನೂ ಹೊತ್ತುಕೊಂಡು ಅವರು ಕುರ್ಚಿಯಲ್ಲಿ ಇಳಿದರು. "ಉಸ್ಸಪ್ಪಾ..." ಅಷ್ಟು ನಿಜವಾದದ್ದು ಆ ಮೈಕಿಗೆ ಯಾವತ್ತೂ ಬಿದ್ದಿರಲಿಲ್ಲ.

ಮೇಡಂ ತಲೆಯಾಡಿಸಿದರು. "ಕಾಪಿ ಬೇಡ ಸರ್."

"ಪರವಾಗಿಲ್ಲ ಮೇಡಂ, ನಂಗೂ ಬೇಡ. ಈಗೀಗ ಕುಡಿದ್ರೆ ನಿದ್ದೆ ಬರಲ್ಲ."

"ಕಾಫಿ ಅಲ್ಲ ಸರ್, ಕಾಪಿ! ನೀವು ಇವರನ್ನ ಕಾಪಿ ಹೊಡೀತಿದ್ದೀರಿ. ಇವರ ಉಸ್ಸಪ್ಪಾ ಮನೆಮನೇಲೂ ಗೊತ್ತು. ನಿಮ್ಮದು ಅದರ ಮುಂದೆ ಸ್ವಲ್ಪ... ನಾಟಕ ಅನ್ಸುತ್ತೆ. ವಯಸ್ಸಾದೋರು ನಿಜವಾಗ್ಲೂ ಹಾಗೆ ಕೂರಲ್ಲ ಸರ್. ಎರಡೂ ಇವರೇ ಮಾಡ್ತಾರೆ ಬಿಡಿ."

ಕಾರಿಡಾರಿನ ಬೆಂಚಿನ ಹತ್ತಿರ ತಾತ ಓಡಿಬಂದ. "ಅಣ್ಣಾ, ಬೇಜಾರು ಮಾಡ್ಕೋಬೇಡಿ. ಅದು ನಿಮ್ಮದೇ ಅಣ್ಣ."

"ಯಾವುದು?"

"ಉಸ್ಸಪ್ಪಾ. ಹೋದ ವರ್ಷ ನೀವು ದಿನಾ ಈ ಬೆಂಚಲ್ಲಿ ಕೂರ್ತಿದ್ರಲ್ಲ, ನಾನು ಆ ಕಂಬದ ಹಿಂದೆ ನಿಂತ್ಕೊಂಡು ಕೇಳಿಸ್ಕೊಂಡು ಕಲ್ತೆ."

ಯುವಕಂಠರಿಗೆ ಜೀವ ಬಂತು. "ಹಾಗಾದ್ರೆ ಹೋಗಿ ಮೇಡಂಗೆ ಹೇಳು ಮಾರಾಯಾ!"

"ಹೇಳ್ದೆ ಅಣ್ಣ. 'ಗುರುಗಳಿಗೆ ಗೌರವ ಕೊಡೋದು ಒಳ್ಳೇದು, ಅದಕ್ಕೆ ಸುಳ್ಳು ಹೇಳ್ಬಾರ್ದು' ಅಂದ್ರು." ತಾತ ಸಂಕೋಚದಿಂದ ತಲೆ ಕೆರೆದುಕೊಂಡ. "ಒಂದು ಮಾತು ಹೇಳ್ಲಾ? ನೀವು ಇತ್ತೀಚೆಗೆ 'ಪ್ಪಾ'ನ ಬೇಗ ಬಿಟ್ಬಿಡ್ತೀರಿ. ಅದನ್ನ ಹೀಗೆ ಎಳೀಬೇಕು, ನೋಡಿ." ಅವನು ಸೊಂಟ ಹಿಡಿದು ಬೆಂಚಿನ ಮೇಲೆ "ಉಸ್ಸಪ್ಪಾಽಽ..." ಎಂದು ಕೂತು ತೋರಿಸಿ, ಚೆಂಡಿನಂತೆ ಪುಟಿದೆದ್ದು ಒಳಗೆ ಓಡಿದ.

ಸಂಜೆ ಮನೆಯ ಬಾಗಿಲು ತೆಗೆದ ಹೆಂಡತಿ ಮುಖ ನೋಡಿದಳು. ತಮಾಷೆ ಮಾಡಲಿಲ್ಲ. "ಏನಾಯ್ತು?"

ಯುವಕಂಠರು ನಿಂತೇ ಇದ್ದರು.

"ಕೂತ್ಕೊಂಡು ಹೇಳಿ. ಬನ್ನಿ, ಕೂತ್ಕೊಳ್ಳಿ."

ಕುರ್ಚಿಯನ್ನು ಹಳೆಯ ವೈರಿಯನ್ನು ನೋಡುವಂತೆ ನೋಡಿದರು. ಅದರ ಎರಡೂ ಕೈ ಹಿಡಿದು ಮೆಲ್ಲಗೆ ಇಳಿದರು.

"ಉಸ್ಸಪ್ಪಾಽಽ..."

ಒಳಕೋಣೆಯಿಂದ ಭಾವಮೈದುನ ಕೂಗಿದ. "ಅಕ್ಕಾ, ರೇಡಿಯೋ ಸ್ವಲ್ಪ ಜೋರು ಮಾಡೇ, ತಾತ ಬಂದ! ಆಮೇಲೆ ಬರೋದನ್ನ ಬೇಕಾದ್ರೆ ಆಫ್ ಮಾಡ್ಬಿಡು."