ಸಮುದ್ರಕ್ಕೆಂದು ಮಾಡಿಸಿದ ಟ್ಯಾಂಕು

ಕೆಲವರಿಗೆ ಕೂತಲ್ಲಿ ನಿದ್ದೆ ಬರುತ್ತದೆ, ನನಗೆ ಕೂತಲ್ಲಿ ಪ್ರಯಾಣ ಬರುತ್ತದೆ. ಇದೊಂದು ರೋಗವೆಂದು ನಮ್ಮವ್ವನ ಅಭಿಪ್ರಾಯ. ಕಬ್ಬಿಗೆ ನೀರು ಕಟ್ಟಲು ಹೋದವನು ಬದುವಿನ ಮೇಲೆ ಕೂತು, ಈ ಕಾಲುವೆಯ ನೀರು ಕೊನೆಗೆ ಎಲ್ಲಿಗೆ ಸೇರುತ್ತದೋ ಎಂದು ಯೋಚಿಸುತ್ತ ಅದರ ಜೊತೆಯಲ್ಲೇ ಹೊರಟುಬಿಡುತ್ತಿದ್ದೆ. ಅಷ್ಟರಲ್ಲಿ ನೀರು ಪಕ್ಕದ ಗದ್ದೆಯವನ ಪಾಲಾಗಿರುತ್ತಿತ್ತು. ಇಂಥವನ ಕೈಗೆ, ಎರಡನೆಯ ಮಹಾಯುದ್ಧ ಮುಗಿದ ಮಾರನೆಯ ವರ್ಷ, ಮಿಲಿಟರಿಯವರು ಸಾಕೆಂದು ಮಾರಿದ ಹಳೆಯ ಜೀಪೊಂದು ಸಿಕ್ಕಿತೆಂದರೆ ಮಂಗನಿಗೆ ಹೆಂಡ ಕುಡಿಸಿದ ಹಾಗೆಯೇ ಸರಿ.

ನಾಲ್ಕು ಚಕ್ರಗಳೂ ಎಳೆಯುವ ಗಾಡಿ ನಮ್ಮ ಹಲಗೂರಿನ ಸುತ್ತಮುತ್ತ ಇನ್ನೊಂದಿರಲಿಲ್ಲ. ಕೆಸರಿರಲಿ, ಮರಳಿರಲಿ, ಎಮ್ಮೆಯ ಹಾಗೆ ನುಗ್ಗಿ ಆಚೆ ಬರುತ್ತಿತ್ತು. ಆದರೆ ಅದರಲ್ಲಿ ನಾನು ಅತಿ ಹೆಚ್ಚು ದೂರ ಹೋಗಿದ್ದು ಹಿತ್ತಿಲ ಹೊಂಗೆ ಮರದ ಕೆಳಗೆ, ಇಂಜಿನ್ ನಿಲ್ಲಿಸಿಕೊಂಡು. ಸಂಜೆ ಹೊತ್ತು ಸ್ಟೇರಿಂಗ್ ಹಿಡಿದು ಕಣ್ಣು ಮುಚ್ಚಿದರೆ ಮೈಸೂರು ಹಿಂದಾಗುತ್ತಿತ್ತು, ಮಡಿಕೇರಿಯ ತಣ್ಣನೆಯ ಗಾಳಿ ಮುಖಕ್ಕೆ ಬೀಸುತ್ತಿತ್ತು, ಘಾಟಿ ಇಳಿದರೆ ಮಂಗಳೂರಿನ ಸಮುದ್ರ. ನಾನು ಸಮುದ್ರವನ್ನು ಕಂಡವನಲ್ಲ. ಅದಕ್ಕೇ ಅದು ನನ್ನ ಕಣ್ಣಿಗೆ ದಿನಕ್ಕೊಂದು ಬಣ್ಣದಲ್ಲಿ ಕಾಣುತ್ತಿತ್ತು. ಒಮ್ಮೆ ನಮ್ಮ ಕರು ಬಂದು ಮೊಣಕೈ ನೆಕ್ಕಿದಾಗ ಅಲೆಯೇ ಬಂದು ತಾಗಿತೆಂದು ನಿಜವಾಗಿ ನಂಬಿದ್ದೆ.

ನನ್ನ ಹೆಂಡತಿ ಜಯಮ್ಮ ಮಜ್ಜಿಗೆ ಲೋಟ ಹಿಡಿದು ಬಂದು, "ಎಲ್ಲಿಗಂಟ ಬಂದ್ರಿ?" ಎಂದು ಕೇಳುತ್ತಿದ್ದಳು. ಮಡಿಕೇರಿ ದಾಟಿದೆ ಎಂದರೆ, "ಅಂಗೇ ಬತ್ತಾ ಕೆರಗೋಡಿಗೂ ಒಂದ್ಗಳಿಗೆ ಓಗಿ ಬರಾನ ಕಣಿ. ಅಪ್ಪಯ್ಯನ ಕಣ್ಗೆ ಪೊರೆ ಬತ್ತಾ ಅದೆ. ಅವ್ರಿಗೆ ಕಾಣುವಾಗ್ಲೇ ಈ ಗಾಡೀಲಿ ಓಗಿ ಬಾಗ್ಲಲ್ಲಿ ಇಳೀಬೇಕು ಅಂತ ನಂಗಾಸೆ" ಎನ್ನುವಳು. ಕೆರಗೋಡು ಅವಳ ತವರು, ಮಂಡ್ಯದಿಂದ ಕೂಗಳತೆ ಅನ್ನಬೇಕು. "ಅಲ್ಲಿಗೆ ಬಸ್ಸೋಯ್ತದೆ, ಎತ್ತಿನ ಗಾಡಿ ಓಯ್ತದೆ. ಯಾರಾರೂ ಜೀಪಲ್ಲಿ ಓದಾರೇನಮ್ಮಿ? ನಿಂಗೆ ಸಮುದ್ರನೇ ತೋರುಸ್ತೀನಿ ಬುಡು" ಎಂದು ನಾನು ಉದಾರವಾಗಿ ಹೇಳುತ್ತಿದ್ದೆ. ಅವಳು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು. ಇಂಥ ದೊಡ್ಡ ಮನಸ್ಸಿನ ಗಂಡ ಸಿಕ್ಕಿದ್ದಕ್ಕೆ ಮಾತೇ ಹೊರಡದಷ್ಟು ಸಂತೋಷವಾಗಿರಬೇಕೆಂದು ನಾನು ತಿಳಿದಿದ್ದೆ.

ಸಮುದ್ರಕ್ಕೆ ಅಡ್ಡಿಯಾಗಿದ್ದದ್ದು ಪೆಟ್ರೋಲು. ಯುದ್ಧ ಮುಗಿದರೂ, ಅಳೆದು ಕೊಡುವ ಸರ್ಕಾರದ ಪರ್ಮಿಟ್ಟು ಮುಗಿದಿರಲಿಲ್ಲ. ಮಂಡ್ಯದಲ್ಲಿ ಸಿಕ್ಕಿದ್ದು ಮದ್ದೂರಿನಲ್ಲಿ ಸಿಗದು, ಘಾಟಿಯ ಆಚೆಯ ಕಥೆ ದೇವರೇ ಬಲ್ಲ. ಶಿವನಸಮುದ್ರದಲ್ಲಿ ಕರೆಂಟು ಕೊಟ್ಟು ಮುಗಿಸಿದ ಕಾವೇರಿ ಯಾವ ಪರ್ಮಿಟ್ಟೂ ಇಲ್ಲದೆ ಸಮುದ್ರಕ್ಕೆ ಹೋಗುತ್ತಾಳೆ, ನನಗೆ ಮಾತ್ರ ಈ ಕಷ್ಟ. ಕೊನೆಗೆ ಹೊಳೆಯಿತು: ದಾರಿಯಲ್ಲಿ ಯಾರನ್ನೂ ಕೇಳಬೇಕಾಗದಂಥ ಇನ್ನೊಂದು ದೊಡ್ಡ ಟ್ಯಾಂಕು ಮಾಡಿಸಿ ಹಿಂದಿನ ಸೀಟಿನ ಜಾಗದಲ್ಲಿ ಕೂರಿಸಿಬಿಡುವುದು, ಸಿಕ್ಕಷ್ಟು ಸಿಕ್ಕಷ್ಟು ತುಂಬಿಡುವುದು. ಮಂಡ್ಯದಲ್ಲಿ ತಗಡಿನ ಕೆಲಸ ಮಾಡುವ ಬಾಷಾ ಸಾಹೇಬರ ಬಳಿ ಹೋದೆ. ಸಮುದ್ರಕ್ಕೆ ಸಾಕಾಗುವಷ್ಟು ಎಂದು ಅಳತೆ ಹೇಳಿದೆ. ಅವರು ಗಡ್ಡ ಕೆರೆದುಕೊಂಡು, "ಗೌಡ್ರೇ, ಓಗಾಕ್ ಮಾತ್ರಾನಾ, ವಾಪಸ್ ಬರಾಕೂನಾ?" ಎಂದರು. ವಾಪಸ್ಸು ಬರುವ ವಿಚಾರ ನನ್ನ ಕನಸಿನಲ್ಲಿ ಎಂದೂ ಬಂದೇ ಇರಲಿಲ್ಲ. ಬರಾಕೂ ಎಂದೆ. ಟ್ಯಾಂಕು ಎರಡರಷ್ಟಾಯಿತು.

ಅದನ್ನು ಜೀಪಿನಲ್ಲಿ ಹೇರಿಕೊಂಡು ಊರಿಗೆ ತಂದು ಜಗಲಿಗೆ ಇಳಿಸಿದಾಗ ಅವ್ವ ಹೊಸ್ತಿಲಿಗೆ ಅಡ್ಡ ನಿಂತರು. "ತಡಿಲಾ ಮಗ, ಅಂಗೇ ಒಳೀಕೆ ತರಬ್ಯಾಡ." ಪೂಜೆ ಇರಬೇಕೆಂದುಕೊಂಡು, ಅರಿಶಿನ ಕುಂಕುಮ ಏನಾದರೂ ಹಚ್ಚಿಕೊಳ್ಳಿ ಎಂದು ಹೇಳಿ, ಅತ್ತೆ ಸೊಸೆಯರಿಗೇ ಬಿಟ್ಟು ನಾನು ಹೊಂಗೆ ಮರದ ಕೆಳಗೆ ಹೋಗಿ ಘಾಟಿ ಇಳಿಯತೊಡಗಿದೆ. ಮಾರನೆಯ ದಿನ ಸಾಹೇಬರೇ ಬಂದು ಟ್ಯಾಂಕು ಕೂರಿಸಿ, ಕೊಳವೆ ಎಳೆದು, ಹಳೆಯದಕ್ಕೂ ಹೊಸದಕ್ಕೂ ನಡುವೆ, ಬೇಕಾದ್ದರಿಂದ ಪೆಟ್ರೋಲು ಬಿಟ್ಟುಕೊಳ್ಳುವ ಒಂದು ತಿರುಪು ಇಟ್ಟುಕೊಟ್ಟರು. ಈಗ ಗಾಡಿಯಲ್ಲಿ ಇಬ್ಬರಿಗೆ ಮಾತ್ರ ಜಾಗ. ಮಿಕ್ಕಿದ್ದೆಲ್ಲ ದೂರಕ್ಕೆ ಮೀಸಲು.

ಪೆಟ್ರೋಲು ಕೂಡಿಬರುವ ಹೊತ್ತಿಗೆ, ನಾಟಿ ಮಾಡಿದ ಕಬ್ಬು ಕಡಿಯುವುದಕ್ಕೆ ಬಂದಿತ್ತು. ಅಂತೂ ಒಂದು ಬೆಳಿಗ್ಗೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಜಯಮ್ಮನೂ ನಾನೂ ಸಮುದ್ರಕ್ಕೆ ಹೊರಟೆವು. ಮಳವಳ್ಳಿ ದಾಟಿತು, ಮಂಡ್ಯವೂ ದಾಟಿತು. ಕಣ್ಣು ತೆರೆದುಕೊಂಡು ನಾನು ಅಷ್ಟು ಸುಖವಾಗಿ ಪ್ರಯಾಣ ಮಾಡಿದ್ದು ಅದೇ ಮೊದಲು. ಆಲೆಮನೆಗಳ ಹೊಗೆ ಗದ್ದೆಯ ಮೇಲೆ ತೆಳ್ಳಗೆ ಮಲಗಿತ್ತು, ಗಾಳಿಯೆಲ್ಲ ಬೆಲ್ಲದ ವಾಸನೆ. ಹಳೆಯ ಟ್ಯಾಂಕಿನಲ್ಲಿ ಇನ್ನೂ ಅರ್ಧ ಇತ್ತು. ಆದರೂ ಆಸೆ ತಡೆಯಲಾರದೆ ತಿರುಪನ್ನು ಹೊಸದರ ಕಡೆ ತಿರುಗಿಸಿದೆ. ಗಾಡಿ ಒಂದು ಫರ್ಲಾಂಗು ಓಡಿತು, ಎರಡು ಸಲ ಕೆಮ್ಮಿತು, ಹುಣಸೆ ಮರದ ನೆರಳು ನೋಡಿಕೊಂಡು ನಿಂತಿತು.

ಕೊಳವೆ ಬಿಚ್ಚಿ ಬಾಯಿಟ್ಟು ಎಳೆದೆ. ಪೆಟ್ರೋಲಿನ ಜೊತೆ ನಾಲಿಗೆಗೆ ಒಂದು ಕಾಳು ಸಿಕ್ಕಿತು. ಉಗಿದು ನೋಡಿದರೆ ಅಕ್ಕಿ, ಅದಕ್ಕೆ ಅರಿಶಿನ! ಜಯಮ್ಮ ಒಂದಿಷ್ಟೂ ಗಾಬರಿಯಾಗದೆ, "ಅದು ಅವ್ವ ಆಕಿದ್ದು. ಒಸ ಪಾತ್ರೆ ಬರೀದಾಗಿ ಒಸ್ಲು ದಾಟಬೋದಾ? ಒಂದಚ್ಚು ಬೆಲ್ಲಾನೂ ಅದೆ" ಎಂದಳು. "ಇದು ಪಾತ್ರೆ ಅಲ್ಲ ಕಣಮ್ಮಿ! ನಂಗ್ಯಾಕೆ ಯೋಳಲಿಲ್ಲ?" ಎಂದು ಕೂಗಾಡಿದೆ. "ನಾ ಯೋಳಿದ್ದ ನೀವು ಯಾವತ್ತು ಕೇಳಿದೀರಿ?" ಎಂದಳು. ಕೋಪದಿಂದ ಅಲ್ಲ, ಹೊತ್ತೆಷ್ಟಾಯಿತು ಎಂದು ಕೇಳುವಷ್ಟು ತಣ್ಣಗೆ. ನಾನು ಬಾಯಿಗಂಟಿದ ಪೆಟ್ರೋಲು ಒರೆಸಿಕೊಂಡೆ. ಆಮೇಲೆ ಅವಳೇ, "ಅಳೇ ಟ್ಯಾಂಕಲ್ಲಿ ಕೆರಗೋಡಿಗೆ ಓಗೋಷ್ಟು ಅದಾ?" ಎಂದಳು. ಇತ್ತು. ಮೊದಲ ದಿನದಿಂದಲೂ ಇತ್ತು.

ಕೊಳವೆಯನ್ನು ಊದಿ ಮತ್ತೆ ಸಿಕ್ಕಿಸಿ, ತಿರುಪನ್ನು ಹಿಂದಕ್ಕೆ ತಿರುಗಿಸಿ ಗಾಡಿಯನ್ನೂ ತಿರುಗಿಸಿದೆ. ಕೆರಗೋಡಿನ ಬಾಗಿಲಲ್ಲಿ ಜಯಮ್ಮ ರಾಣಿಯಂತೆ ಇಳಿದಳು, ಬೀದಿಯೆಲ್ಲ ನೋಡಿತು. ಜಗಲಿಯ ಮೇಲಿದ್ದ ಮಾವ ಮಾತ್ರ ಸದ್ದು ಬಂದ ಕಡೆಗೆ ಮುಖ ತಿರುಗಿಸಿ, "ಯಾರವ್ವಾ ಅದು?" ಎಂದರು. ಪೊರೆ ಪೂರ್ತಿ ಮುಚ್ಚಿಕೊಂಡಿತ್ತು. ನಾನು ಸ್ಟೇರಿಂಗ್ ಬಿಟ್ಟು ಕೆಳಗಿಳಿದೆ. ಜಯಮ್ಮ ಅಪ್ಪನನ್ನು ಕೈ ಹಿಡಿದು ಕರೆತಂದು, ಆ ಕೈಯನ್ನು ಗಾಡಿಯ ಮೇಲೆ ಇಟ್ಟಳು. ಅವರು ಹೊಸ ಎತ್ತನ್ನು ಸವರುವಂತೆ ಗಾಡಿಯ ಮೂತಿಯಿಂದ ಶುರುಮಾಡಿ ಸವರುತ್ತ ಬಂದರು. ಇದು ದೀಪ, ಇದು ಗಾಜು, ಇದು ತಾನು ಕೂತು ಬಂದ ಜಾಗ ಎಂದು ಅವಳು ಹೇಳುತ್ತ ಬಂದಳು. ಮುದುಕರ ಮುಖ ಅರಳುತ್ತ ಹೋಯಿತು. ಹಿಂದೆ ಬಂದಾಗ ಕೈ ದೊಡ್ಡ ಟ್ಯಾಂಕಿಗೆ ತಗುಲಿ ನಿಂತಿತು. ಇದೇನು ಎಂದು ಕೇಳಿದರು. ದೂರ ಹೋಗುವುದಕ್ಕೆ ಪೆಟ್ರೋಲು ತುಂಬುವ ಟ್ಯಾಂಕು ಎಂದೆ. ಅವರು ಅದರ ಉದ್ದಗಲವನ್ನು ಎರಡೂ ಕೈಯಲ್ಲಿ ನಿಧಾನವಾಗಿ ಅಳೆದರು.

"ಕೆರಗೋಡಿಗೆ ಬರಾಕೆ ಇಷ್ಟು ದೊಡ್ಡದು ಬೇಕಾಯ್ತಾ, ಅಳಿಮಯ್ಯ?"

ಹೌದು ಮಾವ ಎಂದೆ. ಸುಳ್ಳು ಹೇಳಿದಂತೆ ನನಗೇನೂ ಅನ್ನಿಸಲಿಲ್ಲ.