ಸೊಳ್ಳೆ ತಂದ ತಂಬೂರಿ

ಎಲ್ಲದಕ್ಕೂ ಕಾರಣ ಒಂದು ಸೊಳ್ಳೆ. ಹೆಡ್‌ಕ್ಲಾರ್ಕ್ ಗುಂಡೋಪಂತರು ಮಾಳಮಡ್ಡಿಯ ತಮ್ಮ ಮನೆಯಲ್ಲಿ ಹಾಡಲು ಕೂತಿದ್ದಾಗ ಅದು ಗುಮಾಸ್ತ ದತ್ತುವಿನ ಕಿವಿಗೆ ಬಂತು. ಮೇಲಧಿಕಾರಿಯ ಮುಂದೆ ಕೈಕಟ್ಟಿ ಕೂತವನು ಪಾಪ, ತಲೆ ಅಲ್ಲಾಡಿಸಿ ಓಡಿಸಿದ. ಪಂತರು ಅದನ್ನು ತಮ್ಮ ಹಾಡಿಗೆ ತಲೆದೂಗಿದ್ದು ಎಂದುಕೊಂಡರು. ಧಾರವಾಡದಲ್ಲಿ ತಲೆದೂಗಿಸಿಕೊಂಡ ಗವಾಯಿಯನ್ನು ಯಾರು ತಡೆದಾರು? ಅಂದಿನಿಂದ ಪ್ರತಿ ಶನಿವಾರ ಕಚೇರಿ ಬಿಟ್ಟೊಡನೆ ದತ್ತು ಅವರ ಹಿಂದೆ ತಂಬೂರಿ ಹಿಡಿದು ಕೂಡಬೇಕಾಯಿತು.

ಈ ಶನಿವಾರ ದತ್ತುವಿನ ಹೆಂಡತಿ ತಾರಾಬಾಯಿ ಮುಂಜಾನೆಯೇ ಹೇಳಿಬಿಟ್ಟಳು. ಹುಬ್ಬಳ್ಳಿಯಲ್ಲಿ ಅವಳ ತಮ್ಮನ ಕೂಸಿನ ತೊಟ್ಟಿಲ ಶಾಸ್ತ್ರ. ಸಂಜೆಯ ಗಾಡಿಗೆ ಹೊರಡಬೇಕು.

"ನನ್ನ ತಂಗಿ ಮದುವಿ ದಿವಸನೂ ತಂಬೂರಿ ಹಿಡದು ಕೂತ್ರಿ. ಇವತ್ತೂ ಬರಲಿಲ್ಲಂದ್ರ ನಾ ಒಬ್ಬಾಕೀನ ಹೋಗತೇನಿ. ಹೊಳ್ಳಿ ಯಾವಾಗ ಬರತೇನೋ ಗೊತ್ತಿಲ್ಲ."

ಪಕ್ಕದ ಮನೆಯ ಲಕ್ಷ್ಮೀಬಾಯಿಗೆ ಇದು ಕೇಳದೆ ಇದ್ದೀತೆ? ಅವರೇಕಾಯಿಯ ಮೊರ ಹಿಡಿದುಕೊಂಡೇ ಬಂದು ಕಟ್ಟೆಯ ಮೇಲೆ ಕೂತರು.

"ದತ್ತೂ, ಈಗ ನಾನ ನಿಮ್ಮ ಗುಂಡೋಪಂತ ಅಂತ ತಿಳಕೋ. ಬರೂದಿಲ್ಲಂತ ಹೇಳು ನೋಡೋಣು."

"ಸಾಹೇಬ್ರ... ಇವತ್ತು ಸ್ವಲ್ಪ..."

"ಏನದು?" ಲಕ್ಷ್ಮೀಬಾಯಿ ಹುಬ್ಬೇರಿಸಿದರು.

"ಏನಿಲ್ಲರಿ," ಎಂದು ದತ್ತು ಅವರ ಎದುರಿಗೆ ಕೂತು ಅವರೇಕಾಯಿ ಸುಲಿಯತೊಡಗಿದ.

ಕಚೇರಿಯಲ್ಲಿ ಸಿಪಾಯಿ ಯಮನಪ್ಪ ಧೈರ್ಯ ತುಂಬಿದ. "ಅಂಜಬ್ಯಾಡ್ರಿ, ನಿಮ್ಮ ಬೆನ್ನಿಗೆ ನಾವೆಲ್ಲಾ ಅದೀವಿ." ಕಚೇರಿ ಬಿಟ್ಟಾಗ ದತ್ತು ತಿರುಗಿ ನೋಡಿದರೆ ಬೆನ್ನಿಗೆ ಗೋಡೆಯೊಂದೇ ಇತ್ತು.

ಎಂದಿನಂತೆ ಮಾಳಮಡ್ಡಿಯ ಮನೆಯಲ್ಲಿ ದತ್ತು ತಂಬೂರಿ ಹಿಡಿದು ಕೂತ, ಪಂತರು ಹಾಡಲು ಶುರುಮಾಡಿದರು. ಎಣ್ಣೆ ಕಾಣದ ಬಾವಿಯ ರಾಟೆಯಂತಹ ಕಂಠ. ಹತ್ತಿರದ ಸ್ಟೇಷನ್ನಿನಲ್ಲಿ ಗಂಟೆ ಹೊಡೆಯಿತು. ಅಲ್ಲಿ ತಾರಾಬಾಯಿ ಒಬ್ಬಳೇ ದಾರಿ ನೋಡುತ್ತ ನಿಂತಿರುತ್ತಾಳೆ ಎಂದು ದತ್ತುವಿಗೆ ನೆನಪಾಯಿತು. ತಂಬೂರಿ ಕೆಳಗಿಟ್ಟ.

"ಸಾಹೇಬ್ರ, ನಿಮ್ಮ ಸೂರ ತಪ್ಪಲಿಕತ್ತದರಿ. ಇವತ್ತಲ್ಲ, ಮೊದಲಿಂದನೂ ತಪ್ಪಲಿಕತ್ತದ. ನಾ ಕೂಸಿನ ತೊಟ್ಟಿಲಕ್ಕ ಹುಬ್ಬಳ್ಳಿಗೆ ಹೊಂಟೇನಿ."

ಪಂತರು ಬಾಯಿ ತೆರೆದಂತೆಯೇ ಕೂತರು. ಅವರು ಅದನ್ನು ಮುಚ್ಚುವುದರೊಳಗೆ ದತ್ತು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ್ದ.

ಗಾಡಿ ಸಿಕ್ಕಿತು, ಹೊರಡಲು ಇನ್ನೂ ಸ್ವಲ್ಪ ಹೊತ್ತಿತ್ತು. "ಹೇಳೇ ಬಿಟ್ರಿ?" ಎಂದು ತಾರಾಬಾಯಿ ಅವನನ್ನು ಹೊಸದಾಗಿ ನೋಡುವವಳಂತೆ ನೋಡಿ, ಬುತ್ತಿ ಬಿಚ್ಚಿ ಚಕ್ಕುಲಿ ಕೊಟ್ಟಳು. ಮದುವೆಯಾದಂದಿನಿಂದ ಅಷ್ಟು ಸುಖವನ್ನು ದತ್ತು ಕಂಡಿರಲಿಲ್ಲ.

ಚಕ್ಕುಲಿ ಇನ್ನೂ ಬಾಯಲ್ಲಿತ್ತು. ರೈಲು ಡಬ್ಬಿಯ ಬಾಗಿಲಲ್ಲಿ ಮೊದಲು ಒಂದು ತಂಬೂರಿ ಕಾಣಿಸಿತು, ಅದರ ಹಿಂದೆ ಏದುಸಿರು ಬಿಡುತ್ತ ಗುಂಡೋಪಂತರು. ಅವರ ಕಣ್ಣು ಒದ್ದೆಯಾಗಿತ್ತು.

"ದತ್ತೂ, ಇಷ್ಟು ವರ್ಷ ಎಲ್ಲಾರೂ ವಾಹ್ವಾ ಅಂದ್ರಪಾ. ಖರೇ ಹೇಳಿದಾವ ನೀ ಒಬ್ಬನ. ಇನ್ನ ನಿನ್ನ ಬಿಡೂದಿಲ್ಲ. ಹುಬ್ಬಳ್ಳಿ ತನಕ ತಿದ್ದು. ಕೂಸಿಗೆ ಜೋಗುಳಾನೂ ನಾನ ಹಾಡತೇನಿ. ಸೋಮವಾರದಿಂದ ದಿನಾ ಮುಂಜಾನೆ ಬಾ."

ತಂಬೂರಿ ದತ್ತುವಿನ ತೊಡೆಯ ಮೇಲೆ ಬಂತು. ಪಂತರು ಅಲ್ಲಿಯೇ ಜೋಗುಳ ಎತ್ತಿದರು. ದತ್ತುವಿಗೆ ಒಲ್ಲೆ ಅನ್ನಬೇಕಿತ್ತು. ಇದ್ದ ಧೈರ್ಯವೆಲ್ಲ ಆಗಲೇ ಖರ್ಚಾಗಿತ್ತು. ಬರೀ ತಲೆ ಅಲ್ಲಾಡಿಸಿದ.

"ನೋಡ್ರಿ ತಾರಾಬಾಯಿ," ಎಂದರು ಪಂತರು ಹಿಗ್ಗಿ, "ಖರೇ ಹೇಳಾವ ತಲಿ ತೂಗಲಿಕತ್ತಾನ. ಈಗ ಸೂರ ಹತ್ತಿತು."

ತಾರಾಬಾಯಿ ಚಕ್ಕುಲಿಯ ಬುತ್ತಿ ಕಟ್ಟಿಕೊಂಡು, ಗಾಡಿ ಹೊರಡುವ ಮೊದಲೇ ಇಳಿದು ಹೆಂಗಸರ ಡಬ್ಬಿಗೆ ಹೋದಳು.