ಅಳತೆಯ ಕಲ್ಲಿಗೆ ಕುಂಕುಮ

ನಾನು ದೊಡ್ಡ ದೇಶಭಕ್ತ. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವೇನಿಲ್ಲ, ಏಕೆಂದರೆ ಹನ್ನೊಂದು ವರ್ಷ ನಾನು ದೇಶದಲ್ಲೇ ಇರಲಿಲ್ಲ. ಮಸ್ಕತ್ತಿನ ವಾಲ್ವ್ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲಿನ ಅಳತೆ ನೋಡುವ ಕೆಲಸ ಮಾಡಿಕೊಂಡು, ಸಂಜೆ ಏಸಿಯ ಕೆಳಗೆ ಕೂತು ಪೀಣ್ಯದ ಧೂಳನ್ನು ನೆನೆದು ಕಣ್ಣೀರು ಹಾಕುತ್ತಿದ್ದೆ. ದೂರದಿಂದ ಪ್ರೀತಿಸುವಾಗ ದೇಶ ಎದುರು ಮಾತಾಡುವುದಿಲ್ಲ, ಅದೊಂದು ಅನುಕೂಲ. ಕೋಣೆಯಲ್ಲಿ ಜೊತೆಗಿದ್ದ ಫಿಲಿಪೀನ್ಸಿನವನಿಗೆ ವಾರಕ್ಕೊಮ್ಮೆಯಾದರೂ ನನ್ನ ಭಾಷಣ ತಪ್ಪುತ್ತಿರಲಿಲ್ಲ: ನಮ್ಮಲ್ಲಿ ಯಂತ್ರವೆಂದರೆ ಬರೀ ಕಬ್ಬಿಣವಲ್ಲ ಕಣಯ್ಯ, ಅದಕ್ಕೂ ಹೂವು ಮುಡಿಸಿ, ಊದುಬತ್ತಿ ಹಚ್ಚಿ, ಆಮೇಲೆ ಸ್ವಿಚ್ಚು ಒತ್ತುತ್ತೇವೆ. ಅವನು ನೂಡಲ್ಸ್ ತಿನ್ನುತ್ತಾ ತಲೆಯಾಡಿಸುತ್ತಿದ್ದ.

ಕೊನೆಗೆ ಈ ವರ್ಷ ಗಂಟುಮೂಟೆ ಕಟ್ಟಿಕೊಂಡು ಬಂದೇಬಿಟ್ಟೆ. ಮಾದನಾಯಕನಹಳ್ಳಿಯಲ್ಲಿ ಬಾಡಿಗೆ ಮನೆ, ಪೀಣ್ಯದ ಸಣ್ಣ ವರ್ಕ್‌ಶಾಪೊಂದರಲ್ಲಿ ಅದೇ ಅಳತೆಯ ಕೆಲಸ. ಮಸ್ಕತ್ತಿನವರು ಒಳ್ಳೆಯ ಜನ. ಒಂದು ತಿಂಗಳು ನಿನ್ನ ಜಾಗ ಖಾಲಿ ಇಟ್ಟಿರುತ್ತೇವೆ, ಮನಸ್ಸು ಬದಲಾದರೆ ತಿಳಿಸು ಎಂದಿದ್ದರು. ನಾನು ನಕ್ಕಿದ್ದೆ. ಹೆಂಡತಿ ಶಾರದೆ ನಕ್ಕಿರಲಿಲ್ಲ. "ಹೋಗೋದಾದ್ರೆ ಈಗ್ಲೇ ಹೇಳ್ಬಿಡಿ. ಮಗಳನ್ನ ಇಲ್ಲಿ ಸ್ಕೂಲಿಗೆ ಸೇರಿಸಿ ಆದ್ಮೇಲೆ ಮುಖ ಊದಿಸ್ಕೊಂಡು ಕೂತ್ಕೋಬೇಡಿ" ಎಂದಿದ್ದಳು. ಮಗಳನ್ನು ಸೇರಿಸಿದೆವು. ಎರಡನೇ ವಾರಕ್ಕೆ ನನ್ನ ಮುಖ ಊದಿತು.

ದೂರುವುದಕ್ಕೆ ದೊಡ್ಡ ಕಾರಣ ಯಾವುದೂ ಇರಲಿಲ್ಲ, ಅದೇ ಸಂಕಟ. ಟೀ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತೆ. ಆ ಸಾಲಿನಲ್ಲಿ ಇದ್ದವನು ನಾನೊಬ್ಬನೇ. ನನ್ನ ಭುಜದ ಮೇಲಿಂದ ಏಳೆಂಟು ಕೈಗಳು ಚಾಚಿಕೊಂಡವು, ಏಳೆಂಟು ಲೋಟಗಳು ತಲೆಯ ಮೇಲೆ ಹಾದುಹೋದವು, ಕೊನೆಗೆ ಅಂಗಡಿಯವನೇ ಕನಿಕರದಿಂದ "ಯಾರಿಗಣ್ಣ ಕಾಯ್ತಿದ್ದೀರಾ?" ಎಂದು ಕೇಳಿದ. ಮಸ್ಕತ್ತಿನಲ್ಲಿ ಶುಕ್ರವಾರ ವಾರದ ರಜೆಯಾದ್ದರಿಂದ, ಇಲ್ಲಿ ಮೊದಲ ಶುಕ್ರವಾರ ಒಂಬತ್ತೂವರೆಯವರೆಗೆ ಗೊರಕೆ ಹೊಡೆದದ್ದನ್ನು ಬೇರೆ ಹೇಳಬೇಕಾಗಿಲ್ಲ.

ಎರಡನೇ ಶುಕ್ರವಾರ ಸರಿಯಾದ ಹೊತ್ತಿಗೆ ಹೋದೆ. ಹೋಗದಿದ್ದರೇ ಚೆನ್ನಾಗಿತ್ತು. ನಮ್ಮಲ್ಲಿ ಅಳತೆ ನೋಡಲು ಮೇಜಿನಗಲದ ಕಪ್ಪು ಗ್ರಾನೈಟ್ ಕಲ್ಲೊಂದಿದೆ, ಕನ್ನಡಿಯಷ್ಟು ನುಣುಪು. ಅದರ ಮೇಲೆ ಕೂದಲೆಳೆಯಷ್ಟು ಕಸ ಕೂತರೂ ಅಳತೆ ತಪ್ಪುತ್ತದೆ. ಅವತ್ತು ನೋಡಿದರೆ ಕಲ್ಲಿನ ನಟ್ಟನಡುವೆ ಮೂರು ಬೆರಳಿನ ವಿಭೂತಿ, ಕುಂಕುಮ, ಮೇಲೊಂದು ಸೇವಂತಿಗೆ. ನನ್ನ ಕೈ ನನ್ನನ್ನು ಕೇಳಲಿಲ್ಲ. ಸ್ಪಿರಿಟ್ ಸುರಿದು, ಬಟ್ಟೆ ಹಾಕಿ, ಫಳಫಳ ಒರೆಸಿಬಿಟ್ಟೆ.

ಹಿಂದೆ ರೇಣುಕವ್ವ ನಿಂತಿದ್ದಳು. ಕೊಪ್ಪಳದ ಕಡೆಯಿಂದ ಬಂದು, ಬಿಡಿಭಾಗಗಳ ಅಂಚು ಉಜ್ಜುವ ಕೆಲಸ ಮಾಡುವ ಹೆಂಗಸು. ಶುಕ್ರವಾರದ ಪೂಜೆ ಅವಳದೇ. "ಸಾಹೇಬ್ರ, ಶುಕ್ರವಾರ ದಿನ ದೇವರ ಕುಂಕುಮ ಒರಸ್ತಾರೇನ್ರಿ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಕೇಳಿದ್ದು ನಿಜವಾಗಿ ತಿಳಿಯದವರು ಕೇಳುವ ಹಾಗೆ. ಮಧ್ಯಾಹ್ನ ದೊಡ್ಡ ಲೇತಿನ ಮೋಟಾರು ಸುಟ್ಟುಹೋಯಿತು. ಎಲ್ಲರೂ ನನ್ನನ್ನು ನೋಡಿದರು. ಮಾಲೀಕ ನಂಜುಂಡಪ್ಪನವರು ಬಂದು ಬೆನ್ನು ತಟ್ಟಿದರು. "ಹೋಗ್ಲಿ ಬಿಡ್ರೀ. ಅಲ್ಲಿದ್ದು ಬಂದೋರು ನೀವು, ನಿಮ್ಗೆ ಇಲ್ಲೀದೆಲ್ಲ ಗೊತ್ತಾಗಲ್ಲ."

ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಹನ್ನೊಂದು ವರ್ಷ ಯಾವ ಹೂವು, ಯಾವ ಊದುಬತ್ತಿಯ ಹೆಸರಲ್ಲಿ ಆ ಫಿಲಿಪೀನ್ಸಿನವನ ತಲೆ ತಿಂದಿದ್ದೆನೋ ಅದನ್ನು ಸ್ವಂತ ಕೈಯಿಂದ ಒರೆಸಿ ಹಾಕಿದ್ದೆ. ಆ ವಾರವಿಡೀ ಅನ್ನ ರುಚಿಸಲಿಲ್ಲ. ಅಲ್ಲಿ ನಾನು ಹೊರಗಿನವನು ಎನ್ನುವುದು ಕಾಗದದಲ್ಲೇ ಬರೆದಿತ್ತು, ಅದರಲ್ಲಿ ಅವಮಾನವೇನಿರಲಿಲ್ಲ. ಇಲ್ಲಿಯೂ ಹಾಗೇ ಆದರೆ ನನಗೆ ಉಳಿದ ಊರು ಯಾವುದು? ಒಂದು ತಿಂಗಳ ಗಡುವು ಮುಗಿಯಲು ಹತ್ತು ದಿನವಿತ್ತು. "ತೀರ್ಮಾನ ಆಯ್ತಾ?" ಎಂದು ಶಾರದೆ ದಿನವೂ ಕೇಳುತ್ತಿದ್ದಳು.

ಮುಂದಿನ ಶುಕ್ರವಾರ ಬೆಳಗ್ಗೆ ತೀರ್ಮಾನ ಆಯಿತು. ಬರುವುದಿಲ್ಲ, ಜಾಗ ಬೇರೆಯವರಿಗೆ ಕೊಡಿ ಎಂದು ಮಸ್ಕತ್ತಿಗೆ ಬರೆದು, ಶಾರದೆಗೂ ತೋರಿಸಿ, ಸೇವಂತಿಗೆ ಕೊಂಡು ಎಲ್ಲರಿಗಿಂತ ಮೊದಲೇ ವರ್ಕ್‌ಶಾಪಿಗೆ ಹೋದೆ. ಕಲ್ಲಿಗೆ ನೀರು ಚಿಮುಕಿಸಿ, ವಿಭೂತಿ ಎಳೆದು, ನಡುವೆ ಧಾರಾಳವಾಗಿ ಕುಂಕುಮವಿಟ್ಟು, ಊದುಬತ್ತಿ ಬೆಳಗಿ, ಕಣ್ಣುಮುಚ್ಚಿ ಕೈಮುಗಿದೆ. ಕಣ್ಣು ಬಿಟ್ಟಾಗ ಎದುರಿಗೆ ನಂಜುಂಡಪ್ಪನವರು, ಅವರ ಪಕ್ಕದಲ್ಲಿ ನಮ್ಮ ಮಾಲು ಕೊಳ್ಳುವ ಕಂಪನಿಯಿಂದ ತಪಾಸಣೆಗೆ ಬಂದ ಹುಡುಗ, ಹಿಂದೆ ಹೂವಿನ ತಟ್ಟೆ ಹಿಡಿದ ರೇಣುಕವ್ವ.

"ಏನ್ರೀ ಇದು?" ಎಂದರು ನಂಜುಂಡಪ್ಪ. "ನೀವು ಒರೆಸಿದ್ದು ಸರಿ ಅಂತ, ಇನ್ಮೇಲೆ ಕಲ್ಲಿನ ಮೇಲೆ ಬೇಡ, ಕೆಳಗೆ ಸ್ಟ್ಯಾಂಡಿನ ಕಾಲಿಗೆ ಪೂಜೆ ಮಾಡಿ ಅಂತ ಎಲ್ರಿಗೂ ಹೇಳಿದ್ನಲ್ರೀ!" ಎಲ್ಲರಿಗೂ ಹೇಳಿದ್ದರು, ನನ್ನೊಬ್ಬನನ್ನು ಬಿಟ್ಟು, ಅದು ನಾನೇ ಶುರುಮಾಡಿದ್ದಲ್ಲವೇ, ನನಗೇನು ಹೇಳುವುದು?

ತಪಾಸಣೆಯ ಹುಡುಗ ಆಗಲೇ ಪೆನ್ನು ತೆಗೆದಿದ್ದ. ರೇಣುಕವ್ವ ಮುಂದೆ ಬಂದು ನನ್ನ ಪರವಾಗಿ ವಾದಿಸಿದಳು. "ಬರೀಬ್ಯಾಡ್ರಿ ಸಾರ್. ಅವರು ಪರದೇಶದಾಗಿದ್ದು ಬಂದಾರ್ರಿ. ಅವರಿಗೆ ಇಲ್ಲೀದು ತಿಳಿಯಂಗಿಲ್ಲ."

ಹುಡುಗನ ಮುಖ ಮೆತ್ತಗಾಯಿತು. ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಅತಿಥಿಗಳನ್ನು ಮಾತಾಡಿಸುವ ದನಿಯಲ್ಲಿ, "ಓ, ಹೌದಾ ಸಾರ್? ಮತ್ತೆ ವಾಪಸ್ ಯಾವಾಗ?" ಎಂದ.

ಕುಂಕುಮದ ಕೈಯಲ್ಲೇ ಬೆವರೊರೆಸಿಕೊಂಡೆ. "ಇಲ್ಲಪ್ಪ, ಇನ್ನು ಇಲ್ಲೇ" ಎಂದೆ. ನಂಜುಂಡಪ್ಪನವರು ನಿಟ್ಟುಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.